ಪಾರ್ಕಿನೊಳಗೆ ಇನ್ನೇನೂ ಬೇಡ

ಕಬ್ಬನ್ ಪಾರ್ಕಿಗೆ ಹೋಗೋಣ ಎಂದು ಅಪ್ಪ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಮರಗಳನ್ನು ನೆನೆಯುತ್ತಿರಲಿಲ್ಲ. ನನ್ನ ಕಣ್ಣಿಗೆ ಬರುತ್ತಿದ್ದುದು ಬಾಲಭವನದ ಪುಟಾಣಿ ರೈಲು. ಅಕ್ಕನಿಗೆ ಅಲ್ಲಿಯ ಕೊಳದ ದೋಣಿ. ಅಪ್ಪನಿಗೆ ಕೆಂಪು ಬಣ್ಣದ ಮ್ಯೂಸಿಯಂ, ಅದರೊಳಗಿನ ಕಲ್ಲುಗಳು. ಅಮ್ಮನೊಬ್ಬಳಿಗೆ ಮಾತ್ರ ಪಾರ್ಕೆಂದರೆ ಪಾರ್ಕು: ಜಮಖಾನ ಹಾಸಿ, ಕಾಲು ಚಾಚಿ, ಚಿತ್ರಾನ್ನದ ಡಬ್ಬಿ ಖಾಲಿಯಾದ ಮೇಲೆ ಯಾರಿಗೂ ಏನೂ ಬಡಿಸದೆ ಒಂದಿಷ್ಟು ಹೊತ್ತು ಸುಮ್ಮನೆ ಕೂರುವ ಜಾಗ. ನಾವು ಮೂವರೂ ಅವಳನ್ನು ಎಬ್ಬಿಸುವ ಆತುರದಲ್ಲೇ ಇರುತ್ತಿದ್ದೆವು. "ಇಲ್ಲೇನಿದೆ ಅಂತ ಕೂತಿದ್ದೀಯಮ್ಮ, ಏಳು" ಎಂದು ಸೆರಗು ಎಳೆಯುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಯ ಮಾತು. ಶ್ರೀರಾಮಪುರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬಿ.ಟಿ.ಎಸ್. ಬಸ್ಸಿನಲ್ಲಿ ಕಾರ್ಪೊರೇಷನ್ ಹತ್ತಿರ ಇಳಿದು ಹಡ್ಸನ್ ಸರ್ಕಲ್ ದಾಟಿದರೆ ಪಾರ್ಕಿನ ಒಂದು ಬಾಯಿ. ಅಪ್ಪ ಎಂ.ಎಸ್. ಬಿಲ್ಡಿಂಗಿನ ಕಚೇರಿಯೊಂದರಲ್ಲಿ ಗುಮಾಸ್ತರು. ಮಧ್ಯಾಹ್ನದ ಊಟದ ಹೊತ್ತಿಗೆ ದಿನವೂ ಆ ಮರಗಳ ಕೆಳಗೆ ಓಡಾಡುತ್ತಿದ್ದವರು. ಹಾಗಾಗಿ ಪಾರ್ಕಿನ ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಯಾವ ಬೆಂಚಿಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ನಮಗೆ ಬೇಕಾಗಿದ್ದುದು ರೈಲಿಗೆ ಹತ್ತಿರದ ದಾರಿ ಮಾತ್ರ.

ಈಚೆಗೆ ಶಿವಮೊಗ್ಗದಿಂದ ಬಂದಿದ್ದ ಅಕ್ಕ ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ಕಬ್ಬನ್ ಪಾರ್ಕಿಗೆ ಕರ್ಕೊಂಡು ಹೋಗೋ. ಮದುವೆ ಆಗಿ ಹೋದ ಮೇಲೆ ಅದರ ಪಕ್ಕದಲ್ಲಿ ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದೀನಿ, ಒಳಗೆ ಕಾಲಿಟ್ಟಿಲ್ಲ" ಎಂದಳು. ನಾನೂ ಅಷ್ಟೆ. ಇದೇ ಊರಿನಲ್ಲಿದ್ದೂ ಆ ಪಾರ್ಕು ನನಗೆ ಒಂದು ರಸ್ತೆಯಿಂದ ಇನ್ನೊಂದು ರಸ್ತೆಗೆ ಹೋಗುವ ದಾರಿಯಾಗಿ ಬಹಳ ವರ್ಷವಾಗಿತ್ತು. ವಿಜಯನಗರದಲ್ಲಿ ಮೆಟ್ರೊ ಹತ್ತಿದೆವು. ಪಾರ್ಕಿನ ಹೆಸರಿನದೇ ಒಂದು ನೆಲದಡಿಯ ನಿಲ್ದಾಣ 2016ರಿಂದ ಇದೆ. ಮೇಲೆ ಬಂದು ರಸ್ತೆ ದಾಟಿ ಒಳಹೊಕ್ಕ ಕೂಡಲೇ ಅಕ್ಕ ನಿಂತುಬಿಟ್ಟಳು. "ಗಾಳಿ ನೋಡೋ, ಎಷ್ಟು ತಣ್ಣಗಾಯ್ತು."

ಮೊದಲು ಹೋದದ್ದು ಬಾಲಭವನದ ಕಡೆಗೇ. ಕಾಲುಗಳು ತಾವಾಗಿ ಆ ದಾರಿ ಹಿಡಿದವು. ಪುಟಾಣಿ ರೈಲಿನ ಹಳಿ ಕಂಡಿತು. ನನ್ನ ನೆನಪಿನಲ್ಲಿ ಆ ರೈಲು ಕಾಡು ಹೊಕ್ಕು ಬೇರೊಂದು ಊರಿನಲ್ಲಿ ಹೊರಬರುತ್ತಿತ್ತು. ಬಿದಿರು ಮೆಳೆಗಳ ಪಕ್ಕ ಅದು ತಿರುಗುವಾಗ ಅಪ್ಪ ಅಮ್ಮ ಕಣ್ಮರೆಯಾಗುತ್ತಿದ್ದರು. ಅಷ್ಟು ಹೊತ್ತು ಅಕ್ಕನ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದೆ. ಈಗ ಹಳಿಯ ಅಗಲ ನನ್ನ ಒಂದು ಹೆಜ್ಜೆಯಷ್ಟು. ಆ ತಿರುವಿನಲ್ಲಿ ನಿಂತರೆ ಹೊರಟ ಜಾಗವೂ ಕಾಣುತ್ತದೆ. ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ; ಆ ರೈಲು ಮಕ್ಕಳ ಕಣ್ಣಿನ ಎತ್ತರಕ್ಕೆ ಮಾಡಿದ್ದು, ಅವರಿಗೆ ಅದು ಇವತ್ತಿಗೂ ಸಾಕಷ್ಟು ದೊಡ್ಡದೇ.

ಮ್ಯೂಸಿಯಂ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಂಸ್ಥೆ ಹುಟ್ಟಿದ್ದು 1865ರಲ್ಲಿ, ಕಸ್ತೂರಬಾ ರಸ್ತೆಯ ಈ ಕಟ್ಟಡಕ್ಕೆ ಬಂದದ್ದು 1877ರಲ್ಲಿ. ಅಲ್ಲಿ ಅಪ್ಪ ನಮ್ಮನ್ನು ನಿಲ್ಲಿಸುತ್ತಿದ್ದುದು ಒಂದೇ ಕಲ್ಲಿನ ಮುಂದೆ: ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಶಾಸನ. ಅದರ ಮೇಲೆ ಒಂದು ನಾಯಿ, ಒಂದು ಹಂದಿ ಕಾದಾಡುವ ಕೆತ್ತನೆ ಇದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ಎಂಬವನಿಗೆ ಏನು ಬೇಕು ಕೇಳು ಎಂದಾಗ ಅವನು ಊರು, ಹೊನ್ನು ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು. ಹೋರಾಟದಲ್ಲಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಅದಕ್ಕೆ ಪೂಜೆ ನಡೆಯುವಂತೆ ಭೂಮಿ ಬಿಟ್ಟರು. ಅಪ್ಪ ಈ ಕಥೆ ಹೇಳುವಾಗ ಚೋಳ, ರಾಷ್ಟ್ರಕೂಟ ಎಲ್ಲವನ್ನೂ ಎರಡು ಮಾತಿನಲ್ಲಿ ಮುಗಿಸಿ ಕಾಳಿಯ ವಿಷಯಕ್ಕೆ ಬಂದುಬಿಡುತ್ತಿದ್ದರು. ಇತಿಹಾಸವೆಂಬುದು ನನಗೆ ಮೊದಲು ತಟ್ಟಿದ್ದು ಆ ಕಲ್ಲಿನ ಮುಂದೆ. ಶಾಲೆಯ ಪುಸ್ತಕ ಮಾಡಲಾರದ್ದನ್ನು ಆ ನಾಯಿ ಮಾಡಿತು.

ಇಷ್ಟು ಹೇಳಿದ ಮೇಲೂ ಒಂದು ಮಾತು ಹೇಳದೆ ವಿಧಿಯಿಲ್ಲ. ಆ ಶಾಸನ ಬೆಂಗಳೂರಿನ ಬೇರೆ ಯಾವ ಕಟ್ಟಡದಲ್ಲಿ ಇದ್ದಿದ್ದರೂ ನನ್ನನ್ನು ಅಷ್ಟೇ ಹಿಡಿಯುತ್ತಿತ್ತು. ರೈಲು ಬೇರೆ ಬಯಲಿನಲ್ಲಿ ಓಡಿದ್ದರೂ ಅದು ರೈಲೇ. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಅದರ ಎಂಜಿನ್ನುಗಳನ್ನು ಎಲ್ಲಿಟ್ಟರೂ ಮಕ್ಕಳು ಹೋಗಿ ನೋಡುತ್ತಾರೆ. ಪಾರ್ಕಿನಲ್ಲಿ ಮಾತ್ರ ಸಿಗುವಂಥದ್ದು ಯಾವುದೆಂದು ನಮಗೆ ಆಗ ಕಂಡಿರಲಿಲ್ಲ. ಅಮ್ಮ ಅದರ ಕೆಳಗೇ ಕೂತಿರುತ್ತಿದ್ದಳು.

ಅಕ್ಕ ಮತ್ತು ನಾನು ಆ ಜಾಗ ಹುಡುಕಿದೆವು. ಬ್ಯಾಂಡ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಬಂಡೆಗಳಿರುವ ಕಡೆ. ಈ ಬಂಡೆಗಳನ್ನು ಯಾರೂ ತಂದಿಟ್ಟದ್ದಲ್ಲ, ಬೆಂಗಳೂರಿನ ನೆಲದ ಕೆಳಗೆ ಎಲ್ಲೆಲ್ಲೂ ಇರುವ ಹಳೆಯ ಕಲ್ಲು ಇಲ್ಲಿ ಮೇಲೆದ್ದು ಕಾಣುತ್ತದೆ. ಪಾರ್ಕು ಮಾಡಿದವರು ಅದನ್ನು ಸಿಡಿಸದೆ ಸುತ್ತಲೂ ಬಿದಿರು, ಮರ ಬೆಳೆಸಿದರು. ಚಿಕ್ಕಂದಿನಲ್ಲಿ ಅದರ ಮೇಲಿಂದ ಜಾರಿ ಚಡ್ಡಿ ಹರಿದುಕೊಂಡಿದ್ದೆ. ಅಕ್ಕ ಬಂಡೆಯನ್ನು ಕೈಯಲ್ಲಿ ಸವರಿ, "ಇದು ಅಷ್ಟೇ ಇದೆ" ಎಂದಳು. ಆಮೇಲೆ ಮೇಲೆ ನೋಡಿ, "ಇವು ನೋಡೋ" ಎಂದಳು. ನಮ್ಮ ನೆನಪಿನ ಎಲ್ಲವೂ ಚಿಕ್ಕದಾಗಿದ್ದ ಆ ಬೆಳಗ್ಗೆ ಮರಗಳು ಮಾತ್ರ ನೆನಪಿಗಿಂತ ದೊಡ್ಡವಾಗಿದ್ದವು. ನಾವು ಬೆಳೆದದ್ದಕ್ಕಿಂತ ಹೆಚ್ಚಾಗಿ ಅವು ಬೆಳೆದಿದ್ದವು.

ಆ ಮರಗಳ ಊರುಗಳನ್ನು ಹೇಳುತ್ತಾ ಹೋದರೆ ಒಂದು ಭೂಪಟವೇ ಆಗುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಜಕರಂಡ, ತಬೂಬಿಯಾ, ಮಳೆಮರ ಎಲ್ಲ ಅಮೆರಿಕ ಖಂಡಗಳಿಂದ ಬಂದವು. ಅವುಗಳ ನಡುವೆ ನಮ್ಮ ಆಲ, ಅರಳಿ, ಅತ್ತಿ, ಹೊಂಗೆ, ನೇರಳೆ. ಜನವರಿಯಿಂದಲೇ ತಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದರ ಹಿಂದೆಯೇ ಹಳದಿಯದು. ಮಾರ್ಚಿಗೆ ಜಕರಂಡ ದಾರಿಯ ಮೇಲೆ ನೇರಳೆ ಹೂ ಹಾಸುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆಯ ಹೊಸ ಚಿಗುರು, ಬಿಸಿಲು ಏರಿದಂತೆ ಗುಲ್‌ಮೊಹರ್, ಮಳೆ ನಿಲ್ಲುವ ಕಾಲಕ್ಕೆ ಆಕಾಶಮಲ್ಲಿಗೆ. ಒಂದರ ಹೂ ಉದುರುವಾಗ ಇನ್ನೊಂದು ಅರಳುವಂತೆ ಈ ಊರಿನ ಮರಗಳನ್ನು ಜೋಡಿಸಿದ ಯೋಜನೆಯ ಹಿಂದೆ ಜರ್ಮನಿಯ ಜಿ.ಎಚ್. ಕೃಂಬಿಗಲ್ ಅವರ ಹೆಸರಿದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ತಾನು ನೆಟ್ಟದ್ದು ಪೂರ್ತಿ ಬೆಳೆದು ನಿಲ್ಲುವುದನ್ನು ತೋಟಗಾರ ನೋಡಲಾರ. ಅದು ಗೊತ್ತಿದ್ದೂ ನೆಡುವವರ ಮೇಲೆ ನನಗೆ ಅಪಾರ ಗೌರವ.

ಪಾರ್ಕು ಹುಟ್ಟಿದ್ದು 1870ರಲ್ಲಿ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಇದರ ನಕ್ಷೆ ಹಾಕಿದವರು; ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರೂ ಅವರೇ. ಒಂದು ಕಡೆ ಕೆಂಪೇಗೌಡರ ಪೇಟೆ, ಇನ್ನೊಂದು ಕಡೆ ಇಂಗ್ಲಿಷರ ದಂಡು, ನಡುವೆ ಈ ಹಸಿರು. ಮೊದಲು ಮೀಡ್ಸ್ ಪಾರ್ಕ್ ಎಂದು ಕರೆದರು, ಆಮೇಲೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರಿಟ್ಟರು. ಆ ಕಬ್ಬನ್ ಈ ಪಾರ್ಕನ್ನು ನೋಡಿಯೇ ಇಲ್ಲ. ಊರಿಗೆ ಮರಳುವ ದಾರಿಯಲ್ಲಿ 1861ರಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ಅವರ ತಂದೆಯ ನೆನಪಿಗೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದಾಯಿತು. ದಾಖಲೆಯಲ್ಲಿ ಅದೇ ಹೆಸರು.

ಸುಮಾರು 100 ಎಕರೆಯಿಂದ ಶುರುವಾದ ಜಾಗ ಮುಂದೆ ಹಿಗ್ಗಿ ಸುಮಾರು 300 ಎಕರೆ ಎಂಬ ಲೆಕ್ಕಕ್ಕೆ ಬಂದಿದೆ. ಆ ಲೆಕ್ಕದೊಳಗೆ ಕಟ್ಟಡಗಳೂ ಇವೆ, ರಸ್ತೆಗಳೂ ಇವೆ. 1915ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ನೆನಪಿನ ಭವನ ಬಂತು. ಇಂದಿನ ಕೇಂದ್ರ ಗ್ರಂಥಾಲಯ ಅದೇ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟುಹಾಕಿದ ಸೆಂಚುರಿ ಕ್ಲಬ್ಬು. ಸ್ವಾತಂತ್ರ್ಯ ಬಂದ ಮೇಲೆ ತಾಂತ್ರಿಕ ಮ್ಯೂಸಿಯಂ, ಬಾಲಭವನ, ವೆಂಕಟಪ್ಪ ಚಿತ್ರಶಾಲೆ, ಮತ್ಸ್ಯಾಲಯ. ಟೆನಿಸ್ ಅಂಗಳ, ಪತ್ರಕರ್ತರ ಕ್ಲಬ್ಬು. ಕೆಟ್ಟ ಉದ್ದೇಶದಿಂದ ಬಂದದ್ದು ಇವುಗಳಲ್ಲಿ ಒಂದೂ ಇಲ್ಲ. ಪುಸ್ತಕ ಬೇಡವೆನ್ನುವವರು ಯಾರು? ಮಕ್ಕಳ ಆಟ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಗ್ರಂಥಾಲಯದ ಆ ಕೆಂಪು ಕಟ್ಟಡದಲ್ಲಿ ಓದಿ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕೆಲಸ ಹಿಡಿದವರು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ಕಷ್ಟ ಇರುವುದು ಇಲ್ಲೇ. ಪಾರ್ಕನ್ನು ಕರಗಿಸುವುದು ಒಳ್ಳೆಯ ಕಾರಣಗಳು. ಕೆಟ್ಟ ಕಾರಣ ಬಂದಾಗ ಜನ ಎಚ್ಚರಗೊಳ್ಳುತ್ತಾರೆ, ಒಳ್ಳೆಯ ಕಾರಣ ಬಂದಾಗ ಜಾಗ ಬಿಟ್ಟುಕೊಡುತ್ತಾರೆ.

ಒಂದು ಜಾಗ ಹೀಗೆ ಹೊರಟುಹೋಗಲು ಬಹಳ ಕಾಲ ಬೇಡ. ಪಾರ್ಕಿನ ಮಗ್ಗುಲಲ್ಲೇ ಸಂಪಂಗಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ನಿಂತಿರುವುದು ಅದರ ಅಂಗಳದ ಮೇಲೆ. ಕರಗದ ವಿಧಿಗಳಿಗೆ ಬೇಕೆಂದು ಒಂದು ಸಣ್ಣ ಕೊಳ ಉಳಿಸಿಕೊಂಡಿದ್ದಾರೆ. ಅಷ್ಟು ಬಿಟ್ಟರೆ ಅಲ್ಲಿ ಕೆರೆ ಇತ್ತೆಂದು ಹೇಳಲು ಗುರುತಿಲ್ಲ. ಆ ಕೆರೆ ಹೋದ ದಾರಿಯಲ್ಲಿ ಈ ಪಾರ್ಕು ಪೂರ್ತಿ ಹೋಗಲಿಲ್ಲ ಎಂಬುದು ತಾನಾಗಿ ಆದದ್ದಲ್ಲ. 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ ಕಾನೂನು ಬಂತು, ಕಬ್ಬನ್ ಪಾರ್ಕು, ಲಾಲ್‌ಬಾಗು ಅದರೊಳಗೆ ಸೇರಿದವು. 1980ರ ದಶಕದಲ್ಲಿ ಹೈಕೋರ್ಟಿನ ಕೆಂಪು ಕಟ್ಟಡವನ್ನು, ನಮ್ಮ ಹಿರಿಯರು ಅಠಾರ ಕಚೇರಿ ಎನ್ನುತ್ತಿದ್ದ 1868ರ ಆ ಕಟ್ಟಡವನ್ನು, ಕೆಡವುವ ಮಾತು ಬಂದಾಗ ನಾಗರಿಕರು ಅದೇ ನ್ಯಾಯಾಲಯದ ಮೊರೆ ಹೋದರು. ಕಟ್ಟಡ ಉಳಿಯಿತು. 1998ರಲ್ಲಿ ಸುಮಾರು 32 ಎಕರೆಯನ್ನು ಪಾರ್ಕಿನ ಎಲ್ಲೆಯಿಂದ ಹೊರಗಿಡಲು ಸರ್ಕಾರ ಮುಂದಾದಾಗ ಜನ ಬೀದಿಗಿಳಿದರು. ಬೆಂಗಳೂರಿನವರಿಗೆ ಊರಿನ ಮೇಲೆ ಅಭಿಮಾನವಿಲ್ಲ, ಎಲ್ಲರೂ ಬಂದುಹೋಗುವವರೇ ಎಂಬ ಮಾತು ಆಗಾಗ ಕೇಳುತ್ತೇನೆ. ಆ ಮಾತನ್ನು ಒಪ್ಪಲು ಈ ಪಾರ್ಕಿನ ಕಥೆ ಬಿಡುವುದಿಲ್ಲ. ಒಂದು ಮರದ ಪರವಾಗಿ ಕೋರ್ಟಿಗೆ ಹೋಗುವ, ಮಳೆಯಲ್ಲಿ ಫಲಕ ಹಿಡಿದು ನಿಲ್ಲುವ ಜನ ಇಲ್ಲಿ ಪ್ರತಿ ತಲೆಮಾರಿನಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಬೇರೆ ಊರುಗಳಲ್ಲಿ ಹುಟ್ಟಿದವರು.

ಆ ಬೆಳಗ್ಗೆ ಅಕ್ಕನೂ ನಾನೂ ಬೇರೇನೂ ಮಾಡಲಿಲ್ಲ. ಅಮ್ಮ ಕೂರುತ್ತಿದ್ದಂತೆ ಕೂತೆವು. ಬಂಡೆಯಾಚೆ ಒಬ್ಬ ಹುಡುಗ ಊಟ ತಲುಪಿಸುವ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ. ಪರೀಕ್ಷೆಗೆ ಓದುವ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದರು. ಹೈಕೋರ್ಟಿನ ಹಿಂಭಾಗದಲ್ಲಿ, ಕಡತದ ಚೀಲ ತೊಡೆಯ ಮೇಲಿಟ್ಟುಕೊಂಡ ವಯಸ್ಸಾದ ಗಂಡಹೆಂಡಿರು ಬುತ್ತಿ ಬಿಚ್ಚಿದ್ದರು, ರೊಟ್ಟಿ, ಶೇಂಗಾ ಚಟ್ನಿ. ಅಕ್ಕ ಮಾತಾಡಿಸಿದಳು. ಜಮೀನಿನ ವ್ಯಾಜ್ಯ, ರಾತ್ರಿ ಬಸ್ಸಿಗೆ ಬಂದಿದ್ದಾರೆ, ಮಧ್ಯಾಹ್ನ ಕೇಸು ಕೂಗುತ್ತಾರಂತೆ. "ನಮ್ಮ ವಕೀಲ್ರು ಒಳಗೆ ಅದಾರ್ರೀ. ನಾವು ಇಲ್ಲೇ ಗಿಡದ ಕೆಳಗೆ ಕುಂದರತೀವಿ. ಯಾರೂ ಏಳು ಅನ್ನಂಗಿಲ್ಲ" ಎಂದರು ಆ ಯಜಮಾನರು. ಬಸ್ ನಿಲ್ದಾಣದಲ್ಲಿ, ಕಚೇರಿಯ ಮೆಟ್ಟಿಲ ಮೇಲೆ, ಹೋಟೆಲಿನಲ್ಲಿ, ಎಲ್ಲ ಕಡೆ ಅವರನ್ನು ಯಾರೋ ಒಬ್ಬರು ಏಳಿಸಿದ್ದಾರೆ ಎಂಬುದು ಆ ಮಾತಿನಲ್ಲೇ ತಿಳಿಯಿತು.

ಕಬ್ಬನ್ ಪಾರ್ಕಿನ ದೊಡ್ಡತನ ನನಗೆ ಈ ವಯಸ್ಸಿನಲ್ಲಿ ಅಲ್ಲಿ ಕಾಣುತ್ತದೆ. ಇಲ್ಲಿಗೆ ಟಿಕೆಟ್ ಇಲ್ಲ. ಏನನ್ನೂ ಕೊಳ್ಳಬೇಕಾಗಿಲ್ಲ. ಬಂದದ್ದೇಕೆಂದು ಹೇಳಬೇಕಾಗಿಲ್ಲ. ಈ ಊರಿನಲ್ಲಿ ಕಾಸು ಕೊಡದೆ ನೆರಳಿನಲ್ಲಿ ಕೂರುವ ಜಾಗಗಳನ್ನು ಎಣಿಸಿ ನೋಡಿ, ಬಹಳ ಬೇಗ ಬೆರಳು ಮಡಿಸುವುದು ನಿಲ್ಲುತ್ತದೆ. ಶನಿವಾರ ಬೆಳಗ್ಗೆ ಒಂದಷ್ಟು ಜನ ಪುಸ್ತಕ ಹಿಡಿದು ಬಂದು ಮರದ ಕೆಳಗೆ ಮಾತಿಲ್ಲದೆ ಓದುವ ಪರಿಪಾಠ ಈಚಿನ ವರ್ಷಗಳಲ್ಲಿ ಇಲ್ಲಿ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿದೆ. ಅದಕ್ಕೆ ಯಾರೂ ಭವನ ಕಟ್ಟಲಿಲ್ಲ, ಉದ್ಘಾಟನೆ ಆಗಲಿಲ್ಲ. ಮರ ಇತ್ತು, ಹುಲ್ಲು ಇತ್ತು, ಸಾಕಾಯಿತು. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡಬಾರದೆಂಬ ತೀರ್ಮಾನ 2015ರಲ್ಲಿ ಆದಾಗಲೂ ಹೀಗೆಯೇ: ಹೊಸದಾಗಿ ಏನನ್ನೂ ತಂದಿಡದೆ, ಇದ್ದ ಒಂದನ್ನು ತೆಗೆದದ್ದಕ್ಕೆ ಮಕ್ಕಳ ಸೈಕಲ್ಲುಗಳು ರಸ್ತೆ ತುಂಬಿದವು. ಆ ನಿಯಮ ವಾರದ ಎಲ್ಲ ದಿನಕ್ಕೂ ಬರಬೇಕು ಎಂದು ನಾನು ಬಯಸುತ್ತೇನೆ. ಪಾರ್ಕಿನ ಮೂಲಕ ಹಾದು ಕೆಲವು ನಿಮಿಷ ಉಳಿಸಿಕೊಳ್ಳುವ ಗಾಡಿಯವರಲ್ಲಿ ನಾನೂ ಒಬ್ಬ. ಸುತ್ತುಹಾಕಿ ಹೋಗಲು ನಾನು ಸಿದ್ಧ.

ಇನ್ನೊಂದು ಆತಂಕವನ್ನೂ ಹೇಳಬೇಕು. ಹಳೆಯ ಮರಗಳಿಗೆ ವಯಸ್ಸಾಗಿದೆ. ಮುಂಗಾರಿಗೆ ಮುಂಚೆ ಏಪ್ರಿಲ್, ಮೇ ತಿಂಗಳಲ್ಲಿ ಬೀಸುವ ಗಾಳಿಮಳೆಗೆ ಬೆಂಗಳೂರಿನಲ್ಲಿ ಪ್ರತಿ ವರ್ಷವೂ ದೊಡ್ಡ ಮರಗಳು ಉರುಳುತ್ತವೆ. ಬೇರಿನ ಸುತ್ತ ಕಾಂಕ್ರೀಟು, ಟೈಲು ಹಾಕಿದರೆ ನೀರು ಇಳಿಯುವುದಿಲ್ಲ, ಬೇರು ಹರಡುವುದಿಲ್ಲ, ಮರ ನಿಲ್ಲುವ ಬಲ ಕಳೆದುಕೊಳ್ಳುತ್ತದೆ. ನಡೆಯುವವರಿಗೆ ಅನುಕೂಲವಾಗಲೆಂದು ಹಾಕುವ ಒಂದು ಕಲ್ಲುಹಾಸೂ ಮರಕ್ಕೆ ಭಾರ. ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಚಪ್ಪಲಿ ಕೆಸರಾಗುತ್ತದೆ, ಆಗಲಿ. ಮರ ಬಿದ್ದ ಕಡೆ ಬಯಲು ಕಂಡೊಡನೆ ಅಲ್ಲಿ ಏನಾದರೂ ಇಡುವ ಆಸೆ ಹುಟ್ಟುತ್ತದೆ: ಒಂದು ಕಾರಂಜಿ, ಒಂದು ಪ್ರತಿಮೆ, ವ್ಯಾಯಾಮದ ಸಲಕರಣೆ, ಸೆಲ್ಫಿಗೊಂದು ಚೌಕಟ್ಟು. ಅಲ್ಲಿ ಇಡಬೇಕಾದದ್ದು ಒಂದು ಸಸಿ. ಅದು ನೆರಳು ಕೊಡಲು ಮೂವತ್ತು ನಲವತ್ತು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಆ ಜಾಗ ಬಯಲಾಗಿಯೇ ಕಾಣುತ್ತದೆ. ಅಷ್ಟು ಕಾಲ ಕಾಯುವ ತಾಳ್ಮೆಯನ್ನು ಇಲಾಖೆಯಿಂದ ನಾವು ಕೇಳಬೇಕು, ನಾವೂ ಕಲಿಯಬೇಕು.

ಇರುವ ಕಟ್ಟಡಗಳನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಗ್ರಂಥಾಲಯ ಇರಲಿ, ಮ್ಯೂಸಿಯಂ ಇರಲಿ, ಕಾಳಿಯ ಕಲ್ಲಿನ ಮುಂದೆ ಇನ್ನೂ ನೂರು ವರ್ಷ ಅಪ್ಪಂದಿರು ಮಕ್ಕಳನ್ನು ನಿಲ್ಲಿಸಿ ಕಥೆ ಹೇಳಲಿ. ಪುಟಾಣಿ ರೈಲು ಮಕ್ಕಳನ್ನು ಕೂರಿಸಿಕೊಂಡು ಸುತ್ತುತ್ತಿರಲಿ. ಆದರೆ ಅಷ್ಟು ಸಾಕು. ಈ 300 ಎಕರೆಯೊಳಗೆ ಇನ್ನು ಒಂದು ಇಟ್ಟಿಗೆಯೂ ಹೊಸದಾಗಿ ಏಳಬಾರದು.

ಪಾರ್ಕಿನಲ್ಲಿ ಹೊಸ ಕಟ್ಟಡದ, ಹೊಸ ರಸ್ತೆಯ, ಹೊಸ ಆಕರ್ಷಣೆಯ ಪ್ರಸ್ತಾಪ ಬಂದಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡಾಗ ಓದಿ ಪುಟ ಮಗುಚಬೇಡಿ. ಅದರ ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ತೋಟಗಾರಿಕೆ ಇಲಾಖೆಗೆ ಒಂದು ಆಕ್ಷೇಪಣೆಯ ಪತ್ರ ಬರೆಯಿರಿ. ನಿಮ್ಮ ಶಾಸಕರಿಗೂ ಅದರ ಪ್ರತಿ ಕಳಿಸಿ.